ಅಮಾಲ್ ಕಾರ್ಬ್ಯುರೇಟರಿನ ಸವೆದ ಸ್ಲೈಡಿಗೆ ಹಿತ್ತಾಳೆಯ ಅಂಗಿ

ಸಿಗ್ನಲ್‌ನಲ್ಲಿ ನಿಂತಾಗ ನಿಮ್ಮ ಹಳೆಯ ಬುಲೆಟ್ಟಿನ ಟ್ಯಾಂಕಿನ ಕೆಳಗಿನಿಂದ ಸಣ್ಣಗೆ ಟಿಕ್ ಟಿಕ್ ಎಂದು ಸದ್ದು ಬರುತ್ತಿದೆಯೇ? ಎಂಜಿನ್ನಿನ ವಾಲ್ವ್ ಎತ್ತುವ ಟ್ಯಾಪೆಟ್ಟಿನ ಸದ್ದಲ್ಲ, ಅದಕ್ಕಿಂತ ಮೆಲುವಾದದ್ದು. ಚಮಚದ ತುದಿಯಿಂದ ಲೋಟವನ್ನು ತಟ್ಟಿದಂತೆ. ಆಕ್ಸಿಲರೇಟರನ್ನು ಕೂದಲೆಳೆಯಷ್ಟು ತಿರುಗಿಸಿದರೆ ಸದ್ದು ನಿಲ್ಲುತ್ತದೆ, ಬಿಟ್ಟರೆ ಮತ್ತೆ ಶುರುವಾಗುತ್ತದೆ. ಜೊತೆಗೆ ಎಂಜಿನ್ ಒಮ್ಮೆ ಓಡೋಡಿ ಹೋಗುವಂತೆ ಏರುತ್ತದೆ, ಇನ್ನೊಮ್ಮೆ ಉಸಿರುಗಟ್ಟಿದಂತೆ ಇಳಿದು ಆರಿಹೋಗುತ್ತದೆ. ಹೆದ್ದಾರಿಯಲ್ಲಿ ಮಾತ್ರ ಯಾವ ದೂರೂ ಇಲ್ಲ.

ನನ್ನ ಗಾಡಿಯದೂ ಇದೇ ಕಾಯಿಲೆಯಾಗಿತ್ತು. 1970ರ ದಶಕದಲ್ಲಿ ಮದ್ರಾಸಿನ ತಿರುವೊಟ್ಟಿಯೂರಿನ ಕಾರ್ಖಾನೆಯಿಂದ ಹೊರಬಂದ 350 ಸಿಸಿ ಬುಲೆಟ್ ಅದು. ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಎಂಜಿನ್ನಿಗೆ ಕೊಡಲು ಹಿಂದಿನ ಮಾಲೀಕರು ಅದಕ್ಕೆ ಅಮಾಲ್ ಕಾನ್ಸೆಂಟ್ರಿಕ್ 626 ಕಾರ್ಬ್ಯುರೇಟರ್ ಕೂರಿಸಿದ್ದರು. ಒಂದರ ಹಿಂದೆ ಒಂದರಂತೆ ಮೂರು ಗ್ಯಾರೇಜುಗಳಿಗೆ ಒಯ್ದೆ. ಮೂರರಲ್ಲೂ ನಡೆದದ್ದು ಒಂದೇ ಚಿಕಿತ್ಸೆ: ಸ್ಕ್ರೂಡ್ರೈವರ್ ತೆಗೆದುಕೊಂಡು ಪಕ್ಕದ ಎರಡು ಸ್ಕ್ರೂಗಳನ್ನು ಅತ್ತಿತ್ತ ತಿರುಗಿಸಿ, ಎಂಜಿನ್ ಜೋರಾಗಿ ಓಡುವಂತೆ ಮಾಡಿ, “ಈಗ ಸರಿಯಾಯಿತು ನೋಡಿ” ಎಂದು ಕಳುಹಿಸಿದರು. ಮನೆ ಮುಟ್ಟುವಷ್ಟರಲ್ಲಿ ಹಳೆಯ ಕಥೆ. ಸವೆದ ಲೋಹಕ್ಕೆ ಸ್ಕ್ರೂ ತಿರುಗಿಸುವುದು ಮದ್ದಲ್ಲ ಎಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ನಿಮಗೆ ಅಷ್ಟು ಬೇಡ ಎಂದು ಇದನ್ನು ಬರೆಯುತ್ತಿದ್ದೇನೆ.

ಸವೆಯುವುದು ಎಲ್ಲಿ, ಏಕೆ

ಅಮಾಲ್ ಎಂಬುದು 1927ರಲ್ಲಿ ಅಮ್ಯಾಕ್, ಬ್ರೌನ್ ಅಂಡ್ ಬಾರ್ಲೊ, ಬಿಂಕ್ಸ್ ಎಂಬ ಮೂರು ಬ್ರಿಟಿಷ್ ಕಂಪನಿಗಳು ಸೇರಿ ಆದದ್ದು. ಬರ್ಮಿಂಗ್‌ಹ್ಯಾಮ್ ಅದರ ಊರು. ಬಿಎಸ್‌ಎ, ಟ್ರಯಂಫ್, ನಾರ್ಟನ್, ಎನ್‌ಫೀಲ್ಡ್ ಎಲ್ಲವೂ ಅದರ ಕಾರ್ಬ್ಯುರೇಟರ್ ಕುಡಿಸಿದ ಪೆಟ್ರೋಲಿನಲ್ಲೇ ಬೆಳೆದವು. 1967ರಲ್ಲಿ ಬಂದ ಕಾನ್ಸೆಂಟ್ರಿಕ್ ಮಾದರಿಯಲ್ಲಿ ಪೆಟ್ರೋಲ್ ನಿಲ್ಲುವ ಬೌಲ್, ಪೆಟ್ರೋಲನ್ನು ಅಳೆದು ಬಿಡುವ ತೂತಾದ ಮೇನ್ ಜೆಟ್ಟಿನ ಸುತ್ತಲೂ ಇರುತ್ತದೆ, ಹೆಸರು ಬಂದದ್ದು ಅದರಿಂದ. ಮೈಮೇಲಿನ ಸಂಖ್ಯೆಯ ಕೊನೆಯ ಎರಡು ಅಂಕಿಗಳು ಗಾಳಿ ಹೋಗುವ ದಾರಿಯ ವ್ಯಾಸವನ್ನು ಹೇಳುತ್ತವೆ: 626 ಎಂದರೆ 26 ಮಿ.ಮೀ., 930 ಎಂದರೆ 30 ಮಿ.ಮೀ.

ಇದರ ಒಳಗೆ ಸಿಲಿಂಡರಿನಂತಹ ಒಂದು ಸ್ಲೈಡ್ ಇದೆ. ಆಕ್ಸಿಲರೇಟರ್ ತಿರುಗಿಸಿದರೆ ಕೇಬಲ್ ಅದನ್ನು ಮೇಲಕ್ಕೆಳೆಯುತ್ತದೆ, ಬಿಟ್ಟರೆ ಸ್ಪ್ರಿಂಗ್ ಕೆಳಕ್ಕೆ ತಳ್ಳುತ್ತದೆ. ಎಡವಟ್ಟಾದದ್ದು ಇಲ್ಲಿ. ಕಾರ್ಬ್ಯುರೇಟರಿನ ಮೈಯೂ ಸತುವಿನ ಮಿಶ್ರಲೋಹ, ಅದರೊಳಗೆ ಉಜ್ಜಾಡುವ ಸ್ಲೈಡೂ ಸತುವಿನ ಮಿಶ್ರಲೋಹ. ಒಂದೇ ಜಾತಿಯ ಮೆದು ಲೋಹಗಳು ಎರಡು ಒಂದನ್ನೊಂದು ಉಜ್ಜಿದರೆ ಎರಡೂ ಬೇಗ ಸವೆಯುತ್ತವೆ. ಅದರ ಮೇಲೆ ನಮ್ಮ ರಸ್ತೆಯ ದೂಳು. ಎಂಜಿನ್ ಪ್ರತಿ ಸಲ ಉಸಿರೆಳೆದಾಗಲೂ ಸ್ಲೈಡನ್ನು ತನ್ನ ಕಡೆಗೆ ಸೆಳೆಯುತ್ತದೆ, ಆದ್ದರಿಂದ ಸವೆತ ಸುತ್ತಲೂ ಒಂದೇ ಸಮ ಇರುವುದಿಲ್ಲ. ಎಂಜಿನ್ ಕಡೆಯ ಬದಿಯಲ್ಲಿ, ಅದರಲ್ಲೂ ಕೆಳಗಿನ ಅರ್ಧದಲ್ಲಿ ಹೆಚ್ಚು. ಸ್ಲೈಡ್ ಹೀಗೆ ಹಿಂದಕ್ಕೂ ಮುಂದಕ್ಕೂ ಬಡಿದಾಡುವುದೇ ಆ ಟಿಕ್ ಟಿಕ್.

ಸ್ಲೈಡಿನ ಸುತ್ತ ಸಂದು ಬಿದ್ದರೆ ಅಷ್ಟೇನು ನಷ್ಟ ಎಂದು ಕೇಳಬಹುದು. ಲೆಕ್ಕ ಹಾಕಿ ನೋಡಿ. ಸ್ಲೈಡಿನ ವ್ಯಾಸ ಸುಮಾರು 28 ಮಿ.ಮೀ. ಎಂದು ಹಿಡಿದರೆ ಅರ್ಧ ಸುತ್ತು 44 ಮಿ.ಮೀ. ಅಷ್ಟುದ್ದಕ್ಕೂ 0.2 ಮಿ.ಮೀ. ಸಂದು ಇದ್ದರೆ ಸುಮಾರು 9 ಚದರ ಮಿ.ಮೀ. ಸಂದು ಬಾಲಚಂದ್ರನಂತೆ ತುದಿಗಳಲ್ಲಿ ಕಿರಿದಾಗುತ್ತದೆ ಎಂದು ಅರ್ಧ ಕಳೆದರೂ 4 ಚದರ ಮಿ.ಮೀ. ಉಳಿಯುತ್ತದೆ. ಅಂದರೆ ಕಾರ್ಬ್ಯುರೇಟರಿಗೆ ಎರಡೂಕಾಲು ಮಿ.ಮೀ. ಡ್ರಿಲ್ ಬಿಟ್ಟಿನಿಂದ ಒಂದು ತೂತು ಕೊರೆದಂತೆ. ನಿಂತಲ್ಲೇ ಓಡುವ ಎಂಜಿನ್ನಿಗೆ ಬೇಕಾದ ಗಾಳಿಯೇ ಅಲ್ಪ, ಅದರಲ್ಲಿ ಇಷ್ಟು ಗಾಳಿ ಕಳ್ಳದಾರಿಯಲ್ಲಿ ಒಳಗೆ ಹೋದರೆ ಮಿಶ್ರಣ ತೆಳುವಾಗದೆ (ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗದೆ) ಇರುತ್ತದೆಯೇ? ಆಕ್ಸಿಲರೇಟರ್ ಅರ್ಧ ತೆರೆದಾಗ ಮುಖ್ಯ ದಾರಿಯೇ ಅಷ್ಟು ಅಗಲವಾಗುವುದರಿಂದ ಈ ಕಳ್ಳಗಾಳಿ ಲೆಕ್ಕಕ್ಕೆ ಬರುವುದಿಲ್ಲ. ಗಾಡಿ ಹೆದ್ದಾರಿಯಲ್ಲಿ ಸಜ್ಜನನಂತೆಯೂ ಸಿಗ್ನಲ್ಲಿನಲ್ಲಿ ಪುಂಡನಂತೆಯೂ ವರ್ತಿಸುವುದು ಇದಕ್ಕೇ.

ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಪ್ರತಿಶತ ಎಥನಾಲ್ ಇರುತ್ತದೆ. ಎಥನಾಲ್ ಉರಿಯಲು ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕು. ಹಾಗಾಗಿ ಹಳೆಯ ಜೆಟ್ಟುಗಳ ಅಳತೆಗೆ ಮಿಶ್ರಣ ಮೊದಲೇ ಸ್ವಲ್ಪ ತೆಳುವಾಗಿರುತ್ತದೆ. ಐದು ವರ್ಷಗಳ ಹಿಂದೆ ಹೇಗೋ ಸಹಿಸಿಕೊಂಡಿದ್ದ ಸವೆತ ಈಗ ಗೋಳಾಟಕ್ಕೆ ತಿರುಗಿರುವುದಕ್ಕೆ ಇದೂ ಒಂದು ಕಾರಣ.

ಕಾರ್ಬ್ಯುರೇಟರನ್ನು ದೂರುವ ಮೊದಲು

ಲೇತ್ ಅಂಗಡಿಗೆ ಓಡುವ ಮುನ್ನ ಬೇರೆ ಅನುಮಾನಗಳನ್ನು ಮುಗಿಸಿಕೊಳ್ಳಿ. ಟ್ಯಾಪೆಟ್ ಹೊಂದಾಣಿಕೆ, ಪಾಯಿಂಟ್‌ಗಳ ಸಂದು, ಇಗ್ನಿಷನ್ ಟೈಮಿಂಗ್, ಸ್ವಚ್ಛವಾದ ಪ್ಲಗ್. ಇವು ನಾಲ್ಕೂ ಸರಿ ಇಲ್ಲದೆ ಕಾರ್ಬ್ಯುರೇಟರ್ ಮುಟ್ಟಬೇಡಿ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹಳೆಯ ಗಾಡಿ ಇಟ್ಟುಕೊಂಡವರಿಗೆ ಗೊತ್ತಿರುವ ಪಾಠವೇ.

ಗಾಳಿ ಕದಿಯುವ ಇನ್ನೊಂದು ಜಾಗ ಮಾತ್ರ ಹಲವರ ಕಣ್ಣಿಗೆ ಬೀಳುವುದಿಲ್ಲ. ಕಾರ್ಬ್ಯುರೇಟರ್ ಎಂಜಿನ್ನಿಗೆ ಕೂಡುವ ಫ್ಲಾಂಜ್ ಅದು. ಎರಡು ನಟ್ಟುಗಳನ್ನು ಯಾರೋ ಮೈಮೇಲೆ ಬಂದವರಂತೆ ಬಿಗಿದಿರುತ್ತಾರೆ, ಮೆದು ಲೋಹದ ಫ್ಲಾಂಜ್ ಬಿಲ್ಲಿನಂತೆ ಬಾಗಿರುತ್ತದೆ. ಉಕ್ಕಿನ ಸ್ಕೇಲಿನ ಅಂಚನ್ನು ಅದರ ಮುಖಕ್ಕೆ ತಾಗಿಸಿ ನಿಲ್ಲಿಸಿ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ಇಣುಕಿದರೆ ಬಾಗಿದೆ ಎಂದೇ ಅರ್ಥ. ಅದರಲ್ಲಿರುವ ಒ-ರಿಂಗ್ (ರಬ್ಬರಿನ ಬಳೆ) ತೆಗೆದು, ದಪ್ಪ ಗಾಜಿನ ಮೇಲೆ 400 ನಂಬರಿನ ಎಮ್ರಿ ಪೇಪರ್ ಹಾಸಿ, ಸೀಮೆಎಣ್ಣೆಯ ಹನಿ ಬಿಟ್ಟು, ಕನ್ನಡದ ೪ರ ಆಕಾರದಲ್ಲಿ ಮೆಲ್ಲಗೆ ಉಜ್ಜಿ. ಮುಖದ ತುಂಬ ಒಂದೇ ಬಣ್ಣದ ಗೀರು ಬರುವವರೆಗೆ ಸಾಕು. ಒ-ರಿಂಗ್ ಕೂರುವ ತೋಡಿನ ಆಳ ಕಡಿಮೆಯಾಗುವಷ್ಟು ಉಜ್ಜಬೇಡಿ. ಹೊಸ ಒ-ರಿಂಗ್ ಹಾಕಿ, ಎರಡು ನಟ್ಟುಗಳನ್ನು ಸರದಿಯಂತೆ ಕಾಲು ಕಾಲು ಸುತ್ತು ಬಿಗಿಯಿರಿ, ಸಣ್ಣ ಸ್ಪ್ಯಾನರಿನಿಂದ, ಎರಡೇ ಬೆರಳ ಬಲದಲ್ಲಿ.

ಫ್ಲಾಂಜೇ ಅಪರಾಧಿಯೇ ಎಂದು ತಿಳಿಯಲು ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲನ್ನೋ ಕ್ಲೀನರ್ ಸ್ಪ್ರೇಯನ್ನೋ ಚಿಮ್ಮಿಸಿ ನೋಡುವವರಿದ್ದಾರೆ. ನಾನು ಹಾಗೆ ಮಾಡುವುದಿಲ್ಲ, ನೀವೂ ಮಾಡಬೇಡಿ. ಕೂಡುಜಾಗದ ಸುತ್ತ ಗಟ್ಟಿ ಗ್ರೀಸನ್ನು ಮೆತ್ತಿ ಎಂಜಿನ್ ಓಡಿಸಿ. ಓಟ ಸುಧಾರಿಸಿದರೆ ಸೋರುವುದು ಅಲ್ಲೇ. ಇದೇ ಉಪಾಯ ಸ್ಲೈಡಿಗೂ ನಡೆಯುತ್ತದೆ: ಸ್ಲೈಡನ್ನು ಹೊರತೆಗೆದು ಮೈಗೆ ತೆಳ್ಳಗೆ ಗ್ರೀಸ್ ಸವರಿ ಮತ್ತೆ ಹಾಕಿ. ಕೆಲವು ನಿಮಿಷ ಎಂಜಿನ್ ಹದವಾಗಿ ಓಡಿ, ಗ್ರೀಸ್ ಕರಗಿ ಹೋಗುತ್ತಿದ್ದಂತೆ ಮತ್ತೆ ಎಗರಾಡತೊಡಗಿದರೆ ನಿಮ್ಮ ಅನುಮಾನ ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲನ್ನು ಮೈಕ್ರೋಮೀಟರ್ ಹೇಳುತ್ತದೆ. ಪರೀಕ್ಷೆ ಮುಗಿದ ಮೇಲೆ ಗ್ರೀಸನ್ನು ಪೂರ್ತಿ ಒರೆಸಿ ತೆಗೆಯಿರಿ, ದೂಳು ಅಂಟಿದರೆ ಅದೇ ಉಜ್ಜುವ ಪೇಸ್ಟ್ ಆಗುತ್ತದೆ.

ಬಿಚ್ಚುವುದು

ಬಯಲಿನಲ್ಲಿ, ತಣ್ಣಗಿರುವ ಎಂಜಿನ್ನಿನ ಮೇಲೆ, ಬೆಂಕಿಯಿಂದ ದೂರ ಮಾಡುವ ಕೆಲಸ ಇದು. ಪೆಟ್ರೋಲ್ ಕಾಕ್ ಮುಚ್ಚಿ, ಪೈಪ್ ಕಳಚಿ. ಮೇಲಿನ ಮುಚ್ಚಳಕ್ಕೆ ಎರಡು ಸ್ಕ್ರೂಗಳಿವೆ. ಅವನ್ನು ಬಿಚ್ಚಿದರೆ ಮುಚ್ಚಳ, ಸ್ಪ್ರಿಂಗ್, ಸ್ಲೈಡ್, ಸ್ಲೈಡಿನಿಂದ ಜೆಟ್ಟಿನೊಳಗೆ ಇಳಿಯುವ ನೀಡಲ್ ಎಲ್ಲವೂ ಕೇಬಲ್ಲಿನ ಸಮೇತ ಮೇಲೆ ಬರುತ್ತವೆ. ನೀಡಲನ್ನು ಕಾರ್ಬ್ಯುರೇಟರಿನ ಬಾಯಿಗೆ ತಗುಲಿಸಿ ಬಗ್ಗಿಸಬೇಡಿ. ಸ್ಪ್ರಿಂಗನ್ನು ಒತ್ತಿ ಹಿಡಿದು ಕೇಬಲ್ಲಿನ ಗುಂಡನ್ನು ಸ್ಲೈಡಿನಿಂದ ಬಿಡಿಸಿ. ನೀಡಲ್ಲಿನ ಕ್ಲಿಪ್ ಮೇಲಿನಿಂದ ಎಷ್ಟನೆಯ ಗೆರೆಯಲ್ಲಿದೆ ಎಂಬುದನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ನೆನಪಿರುತ್ತದೆ ಎಂದುಕೊಳ್ಳುತ್ತೇವೆ, ಇರುವುದಿಲ್ಲ.

ಕೆಳಗಿನ ಬೌಲಿಗೂ ಎರಡೇ ಸ್ಕ್ರೂ. ಅದನ್ನು ಬಿಚ್ಚುವಾಗ ಕೆಳಗೊಂದು ಸ್ಟೀಲ್ ತಟ್ಟೆ ಇಡಿ, ಬೌಲಿನಲ್ಲಿ ತೇಲಿ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟಿನ ಪುಟ್ಟ ಸೂಜಿ ಬಿದ್ದರೆ ಅಂಗಳದಲ್ಲಿ ಹುಡುಕಲಾಗದು. ಬೌಲಿನ ತಳದಲ್ಲಿ ಬಿಳಿ ಪುಡಿಯೋ ಅಂಟಂಟು ಗಸಿಯೋ ಕಂಡರೆ ಎಥನಾಲ್ ಪೆಟ್ರೋಲಿನಲ್ಲಿ ಸೇರಿದ ನೀರು ಸತುವನ್ನು ತಿಂದ ಗುರುತು. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವವರು ಬೌಲ್ ಖಾಲಿ ಮಾಡಿಯೇ ನಿಲ್ಲಿಸಬೇಕು.

ಅಳೆಯುವುದು

ಈ ಲೇಖನದಲ್ಲಿ ಒಂದೇ ಒಂದು ಭಾಗವನ್ನು ಓದುವುದಾದರೆ ಇದನ್ನು ಓದಿ. ಸ್ಲೈಡ್ ಸವೆದಿದೆ ಎಂದು ಹೇಳುವುದು ಸುಲಭ. ಸವೆದದ್ದು ಸ್ಲೈಡೋ, ಮೈಯೋ, ಎರಡೂ ಎಷ್ಟೆಷ್ಟು ಎಂಬುದರ ಮೇಲೆ ಮುಂದಿನ ಖರ್ಚೆಲ್ಲ ನಿಂತಿದೆ.

ಮೊದಲು ಒಟ್ಟು ಸಂದು. ಸ್ಲೈಡನ್ನು ಒರೆಸಿ ಕಾರ್ಬ್ಯುರೇಟರಿನೊಳಗೆ ಪೂರ್ತಿ ಕೆಳಗೆ ಇಳಿಸಿ, ಬೆರಳಿನಿಂದ ಎಂಜಿನ್ ಕಡೆಗೆ ಒತ್ತಿ ಹಿಡಿದು, ಗಾಳಿ ಫಿಲ್ಟರ್ ಕಡೆಯಿಂದ, ಸಂದು ಅಳೆಯುವ ಫೀಲರ್ ಗೇಜಿನ ತೆಳು ಉಕ್ಕಿನ ಎಲೆಗಳನ್ನು ಒಂದೊಂದಾಗಿ ತೂರಿಸಿ ನೋಡಿ. 0.10 ಮಿ.ಮೀ. ಎಲೆ ಹೋಗದಿದ್ದರೆ ನಿಮ್ಮ ಸ್ಲೈಡ್ ನಿರಪರಾಧಿ, ಬೇರೆಡೆ ಹುಡುಕಿ. 0.15ರವರೆಗೆ ಸಹಿಸಿಕೊಂಡು ಓಡಿಸಬಹುದು ಎಂಬುದು ನನ್ನ ಅನುಭವ. 0.20 ದಾಟಿದರೆ ಸ್ಕ್ರೂ ತಿರುಗಿಸಿ ಪ್ರಯೋಜನವಿಲ್ಲ.

ಆಮೇಲೆ ಸ್ಲೈಡ್. ಇದಕ್ಕೆ ಡಿಜಿಟಲ್ ವರ್ನಿಯರ್ ಸಾಲದು, ಅದು ಎರಡು ಮೂರು ನೂರನೆಯ ಭಾಗದಷ್ಟು ಸುಳ್ಳು ಹೇಳಬಲ್ಲದು. ನೂರನೆಯ ಒಂದು ಮಿ.ಮೀ. ತೋರಿಸುವ ಮೈಕ್ರೋಮೀಟರ್ ಬೇಕು. ಸ್ಲೈಡಿನ ತಲೆಯ ಹತ್ತಿರ, ನಡುವೆ, ಬುಡದಲ್ಲಿ, ಮೂರೂ ಕಡೆ ಹಿಂದೆ-ಮುಂದೆ ಒಮ್ಮೆ, ಎಡ-ಬಲ ಒಮ್ಮೆ ಅಳೆದು ಬರೆದುಕೊಳ್ಳಿ. ನನ್ನದರಲ್ಲಿ ತಲೆಗಿಂತ ಬುಡ ಹಿಂದೆ-ಮುಂದೆ 0.09 ಕಡಿಮೆ ಇತ್ತು, ಎಡ-ಬಲ 0.02 ಮಾತ್ರ. ಅಂದರೆ ದುಂಡಗಿದ್ದದ್ದು ಮೊಟ್ಟೆಯಾಗಿತ್ತು. ಬೆಳಕಿಗೆ ಹಿಡಿದರೆ ಎಂಜಿನ್ ಕಡೆಯ ಬದಿಯಲ್ಲಿ ಕನ್ನಡಿಯಂತೆ ಹೊಳೆಯುವ ಪಟ್ಟೆ, ಅದರೊಳಗೆ ಉದ್ದಕ್ಕೆ ಕೂದಲಿನಂತಹ ಗೀರುಗಳು. ಪಕ್ಕದಲ್ಲಿ ಮುಟ್ಟದ ಜಾಗ ಇನ್ನೂ ಮಬ್ಬು ಬೂದಿ ಬಣ್ಣದಲ್ಲೇ ಇತ್ತು.

ಮೈಯ ಒಳಗನ್ನು ಅಳೆಯಲು ಬೋರ್ ಗೇಜ್ ಬೇಕು, ಅದು ಲೇತ್ ಅಂಗಡಿಯಲ್ಲೇ ಆಗಲಿ. ನನ್ನದು ಕೆಳಗೆ 0.14 ಹಿಗ್ಗಿತ್ತು. ಸ್ಲೈಡ್ ಸಾಮಾನ್ಯವಾಗಿ ತಲುಪದ ಮೇಲಿನ ತುದಿಯಲ್ಲಿ ಮಾತ್ರ ಹುಟ್ಟಿದಾಗಿನ ಅಳತೆ ಉಳಿದಿರುತ್ತದೆ. ಆ ಬಳೆಯಷ್ಟು ಜಾಗವೇ ಮುಂದೆ ನಮಗೆ ದಾರಿ ತೋರಿಸುವುದು.

ಯಾವ ದಾರಿ ಹಿಡಿಯುವುದು

ಸವೆತ ಬಹುಪಾಲು ಸ್ಲೈಡಿನಲ್ಲೇ ಇದ್ದು ಮೈ 0.05 ಒಳಗೆ ಇದ್ದರೆ ಹೊಸ ಸ್ಲೈಡ್ ಸಾಕು. ಅದರಲ್ಲೂ ಗಟ್ಟಿ ಆನೊಡೈಸ್ ಮಾಡಿದ, ಅಂದರೆ ಮೇಲ್ಮೈಯನ್ನು ಗಟ್ಟಿಗೊಳಿಸಿದ, ಅಲ್ಯೂಮಿನಿಯಂ ಸ್ಲೈಡ್ ಇಂಗ್ಲೆಂಡಿನಿಂದ ತರಿಸಿದರೆ ಒಂದೇ ಜಾತಿಯ ಲೋಹಗಳ ಜಗಳವೂ ತಪ್ಪುತ್ತದೆ. ಅಗ್ಗದ ನಕಲಿ ಸ್ಲೈಡ್ ಬೇಡ. ಮೈಯೂ ಕೆಟ್ಟಿದ್ದು ನಿಮ್ಮಲ್ಲಿ ಹಣವಿದ್ದರೆ ಹೊಸ ಕಾರ್ಬ್ಯುರೇಟರನ್ನೇ ಕೊಳ್ಳಬಹುದು. ಅಮಾಲ್ ಹಳೆಯ ಮಾದರಿಗಳನ್ನು ಇಂದಿಗೂ ತಯಾರಿಸುತ್ತಿದೆ. ನಾಚಿಕೆಪಡಬೇಕಾದ ದಾರಿಯೇನಲ್ಲ.

ನಾನು ಹಿಡಿದದ್ದು ಮೂರನೆಯದು: ಮೈಯ ಒಳಗನ್ನು ಲೇತಿನಲ್ಲಿ ಕಡೆದು ಮತ್ತೆ ದುಂಡಗೆ ಬೋರ್ ಮಾಡಿಸಿ, ಹಳೆಯ ಸ್ಲೈಡಿಗೆ ಹಿತ್ತಾಳೆಯ ತೆಳು ಕೊಳವೆಯನ್ನು ಅಂಗಿಯಂತೆ ತೊಡಿಸುವುದು. ಸ್ಲೈಡನ್ನು ಮಾತ್ರ ದಪ್ಪ ಮಾಡಿದರೆ ಸಾಲದೇ ಎಂದು ಕೇಳುವವರಿಗೆ: ಸಾಲದು. ಮೈಯ ಮೇಲ್ತುದಿ ಸವೆಯದೆ ಕಿರಿದಾಗಿಯೇ ಇದೆ, ಕೆಳಗಿನ ಹೊಟ್ಟೆ ಹಿಗ್ಗಿದೆ. ಹೊಟ್ಟೆಗೆ ಸರಿಹೊಂದುವ ಸ್ಲೈಡ್ ಕತ್ತಿನಲ್ಲಿ ಇಳಿಯುವುದಿಲ್ಲ.

ಲೇತಿನ ಮುಂದೆ

ಪೀಣ್ಯದ ಒಂದು ಸಣ್ಣ ಲೇತ್ ಅಂಗಡಿಯಲ್ಲಿ ಅರವತ್ತು ದಾಟಿದ ಟರ್ನರ್ ಒಬ್ಬರಿಂದ ಈ ಕೆಲಸ ಮಾಡಿಸಿದೆ. ದಿನವಿಡೀ ನೂರಾರು ಬುಷ್ ಕಡೆಯುವ ಅಂಗಡಿಗಳು ಇಂತಹ ಒಂಟಿ ಕೆಲಸವನ್ನು ಬೇಡವೆನ್ನುತ್ತವೆ. ಭಾನುವಾರ ಹೋಗಿ, ಪಕ್ಕದಲ್ಲಿ ನಿಂತು, ಚಹಾ ತರಿಸಿಕೊಡುವ ತಾಳ್ಮೆ ಇದ್ದರೆ ಒಪ್ಪುವವರು ಸಿಗುತ್ತಾರೆ. ಅವರಿಗೆ ಏನು ಹೇಳಬೇಕು ಎಂಬುದು ನಿಮಗೆ ಗೊತ್ತಿರಬೇಕು.

ಮೊದಲು ಮೈ. ಅದನ್ನು ಲೇತಿನ ಚಕ್ಕಿನ (ಕಚ್ಚಿ ಹಿಡಿದು ತಿರುಗಿಸುವ ಭಾಗದ) ದವಡೆಯಲ್ಲಿ ನೇರವಾಗಿ ಹಿಡಿದರೆ ನುಜ್ಜುಗುಜ್ಜಾಗುತ್ತದೆ. ಬೌಲ್ ಕೂರುವ ಕೆಳಮುಖ ಚಪ್ಪಟೆಯಾಗಿದೆ, ಬೌಲಿನ ಎರಡು ಸ್ಕ್ರೂ ತೂತುಗಳೂ ಅಲ್ಲೇ ಇವೆ. ಟರ್ನರ್ ಒಂದು ಅಲ್ಯೂಮಿನಿಯಂ ಬಿಲ್ಲೆಯನ್ನು ಕಡೆದು, ಮೈಯನ್ನು ಅದರ ಮೇಲೆ ಆ ತೂತುಗಳ ಮೂಲಕವೇ ಸ್ಕ್ರೂ ಹಾಕಿ ಕೂರಿಸಿ, ಬಿಲ್ಲೆಯನ್ನು ಚಕ್ಕಿಗೆ ಕಟ್ಟಿದರು. ಡಯಲ್ ಗೇಜಿನ ಮೂತಿಯನ್ನು ಮೇಲಿನ ಸವೆಯದ ಬಳೆಗೆ ತಾಗಿಸಿ, ಮುಳ್ಳು ಅಲುಗದವರೆಗೆ ಸರಿಮಾಡಿದರು. ಕಡೆಯುವ ಕೆಲಸ ಹದಿನೈದು ನಿಮಿಷದ್ದು, ಈ ಸರಿಮಾಡುವಿಕೆಗೆ ಒಂದು ಗಂಟೆ ಹಿಡಿಯಿತು. ಇಲ್ಲಿ ಆತುರಪಡಿಸಬೇಡಿ. ಕೇಂದ್ರ ತಪ್ಪಿದರೆ ನೀಡಲ್ ತನ್ನ ಜೆಟ್ಟಿನ ನಡುವೆ ಇಳಿಯುವುದಿಲ್ಲ, ಒಂದು ಬದಿಗೆ ಉಜ್ಜುತ್ತದೆ.

ಹರಿತವಾದ ಟೂಲ್, ಒಂದು ಸಲಕ್ಕೆ 0.05ಕ್ಕಿಂತ ಹೆಚ್ಚಿಲ್ಲದ ಕಡಿತ. ಬೋರಿನ ನಡುವೆ ಗಾಳಿಯ ದಾರಿ ಅಡ್ಡ ಹಾದುಹೋಗುವುದರಿಂದ ಟೂಲ್ ಪ್ರತಿ ಸುತ್ತಿನಲ್ಲೂ ಎರಡು ಸಲ ಲೋಹ ಬಿಟ್ಟು ಮತ್ತೆ ಲೋಹ ಹಿಡಿಯುತ್ತದೆ. ಹೆಚ್ಚು ಕಡಿತ ಕೊಟ್ಟರೆ ಆ ಅಂಚು ಮುರಿದು ಬರಬಹುದು. ಒಟ್ಟು ವ್ಯಾಸದಲ್ಲಿ 0.3 ಮಿ.ಮೀ. ತೆಗೆದಾಗ ಹೊಳೆಯುವ ಹಳೆಯ ಪಟ್ಟೆಯ ಗುರುತು ಪೂರ್ತಿ ಹೋಯಿತು. ಅಲ್ಲಿಗೆ ನಿಲ್ಲಿಸಿದೆವು.

ಬಳಿಕ ಸ್ಲೈಡ್. ಒಳಗೆ ಬಿಗಿಯಾಗಿ ಕೂರುವ ಮ್ಯಾಂಡ್ರಲ್ (ದುಂಡು ಸರಳು) ಮೇಲೆ ಏರಿಸಿ ಹೊರಮೈಯನ್ನು ಕಡೆದರು. ಎಷ್ಟು ಕಡೆಯಬಹುದು ಎಂಬುದು ನಿಮ್ಮ ಸ್ಲೈಡಿನ ಗೋಡೆಯ ದಪ್ಪದ ಮೇಲಿದೆ, ಮೊದಲೇ ಅಳೆಯಿಸಿ. ಗೋಡೆ ತೀರಾ ತೆಳ್ಳಗಿದ್ದರೆ ಅಂಗಿಯ ಆಸೆ ಬಿಟ್ಟು ಹಿತ್ತಾಳೆಯಲ್ಲೇ ಇಡೀ ಸ್ಲೈಡ್ ಕಡೆಸುವುದು ಮೇಲು. ಹಿತ್ತಾಳೆ ಕೊಳವೆಯನ್ನು ಬೆಸುಗೆ ಹಾಕಿ ಕೂರಿಸೋಣ ಎಂದು ಯಾರಾದರೂ ಹೇಳಿದರೆ ಸ್ಲೈಡನ್ನು ಕಿಸೆಗೆ ಹಾಕಿಕೊಂಡು ಎದ್ದು ಬನ್ನಿ. ಈ ಸತುವಿನ ಮಿಶ್ರಲೋಹ 380 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುತ್ತದೆ, ಗ್ಯಾಸ್ ಬೆಸುಗೆಯ ಜ್ವಾಲೆ ತಾಗಿದರೆ ಮೇಣದ ಬೊಂಬೆ. ಬೇರಿಂಗ್ ಕೂರಿಸಲು ಬಳಸುವ, ಪೆಟ್ರೋಲಿಗೆ ಕರಗದ ರಿಟೈನಿಂಗ್ ಅಂಟು ಬಳಸಬೇಕು. ಎರಡೂ ಮೈಗಳನ್ನು ಥಿನ್ನರಿನಲ್ಲಿ ಒರೆಸಿ, ಅಂಟು ಸವರಿ, ತಿರುಗಿಸುತ್ತ ತೂರಿಸಿ, 24 ಗಂಟೆ ಮುಟ್ಟದೆ ಇಡಿ.

ಮರುದಿನ ಹೊರವ್ಯಾಸವನ್ನು ಮೈಯ ಹೊಸ ಬೋರಿಗೆ ಹೊಂದುವಂತೆ ಕಡೆಯುವುದು. ಇಲ್ಲಿ ನಾನೊಂದು ದಡ್ಡತನ ಮಾಡಿದೆ. ಇಷ್ಟೆಲ್ಲ ಮಾಡಿದ ಮೇಲೆ ಗಾಳಿಯೇ ನುಸುಳಬಾರದು ಎಂದು 0.03 ಸಂದು ಸಾಕೆಂದು ಹಟ ಹಿಡಿದೆ. ಮೇಸ್ತ್ರಿ ಕನ್ನಡಕದ ಮೇಲಿನಿಂದ ನೋಡಿದರು.

“ಸ್ವಾಮಿ, ಇದು ಹೈಡ್ರಾಲಿಕ್ ಪಿಸ್ಟನ್ ಅಲ್ಲ. ದೂಳಿಗೂ ಸ್ವಲ್ಪ ಜಾಗ ಬಿಡಿ.”

ಬಿಡಲಿಲ್ಲ. ಮೇಜಿನ ಮೇಲೆ ಸ್ಲೈಡ್ ರೇಷ್ಮೆಯಂತೆ ಜಾರಿತು. ಮನೆಯಲ್ಲಿ ಮುಚ್ಚಳದ ಎರಡು ಸ್ಕ್ರೂ ಬಿಗಿದದ್ದೇ ತಡ, ಮೈ ಎಳ್ಳಷ್ಟು ಸೊಟ್ಟಗಾಗಿ ಸ್ಲೈಡ್ ಅರ್ಧದಲ್ಲಿ ಕಚ್ಚಿಕೊಂಡಿತು. ಅದು ರಸ್ತೆಯಲ್ಲಿ ಆಗಿದ್ದರೆ ಆಕ್ಸಿಲರೇಟರ್ ತೆರೆದೇ ಉಳಿಯುತ್ತಿತ್ತು. ತಲೆ ತಗ್ಗಿಸಿಕೊಂಡು ಮರಳಿ ಹೋಗಿ 0.08ಕ್ಕೆ ಕಡೆಸಿದೆ. 0.07ರಿಂದ 0.09ರ ನಡುವೆ ಇಡಿ. ಬಿಸಿಯಾದಾಗ ಹಿತ್ತಾಳೆ ಹಿಗ್ಗಿ ಕಚ್ಚಿಕೊಳ್ಳುವುದೇ ಎಂಬ ಭಯ ಬೇಡ, ಸತು ಹಿತ್ತಾಳೆಗಿಂತ ಹೆಚ್ಚು ಹಿಗ್ಗುತ್ತದೆ. 50 ಡಿಗ್ರಿ ಬಿಸಿ ಏರಿದರೆ ಈ ಗಾತ್ರಕ್ಕೆ ಸಂದು ನೂರನೆಯ ಒಂದು ಮಿ.ಮೀ.ನಷ್ಟು ಹೆಚ್ಚೇ ಆಗುತ್ತದೆ.

ಕೊನೆಯದಾಗಿ ಅಂಗಿಗೆ ಕಿಂಡಿಗಳನ್ನು ಕೊರೆಯುವುದು. ಹಳೆಯ ಸ್ಲೈಡಿನ ಬುಡದಲ್ಲಿ ಫಿಲ್ಟರ್ ಕಡೆಗೆ ಓರೆಯಾಗಿ ಕತ್ತರಿಸಿದ ಭಾಗವಿದೆ, ನಿಂತಲ್ಲಿನ ಓಟ ಹೊಂದಿಸುವ ಐಡಲ್ ಸ್ಕ್ರೂ ತಾಗುವ ಕಚ್ಚು ಇದೆ, ಚೋಕ್ ವಾಲ್ವ್ ಇದ್ದರೆ ಅದರ ತೋಡು ಇದೆ. ಹಿತ್ತಾಳೆಯನ್ನು ಸಣ್ಣ ಅರದಿಂದ ಇವುಗಳ ಅಂಚಿಗೆ ಸರಿಯಾಗಿ, ಅತ್ತ ಹೆಚ್ಚಿಲ್ಲದೆ ಇತ್ತ ಕಡಿಮೆಯಿಲ್ಲದೆ, ಉಜ್ಜಬೇಕು. ಓರೆಯಾಗಿ ಕತ್ತರಿಸಿದ ಆ ಭಾಗದ ಎತ್ತರವೇ ಆಕ್ಸಿಲರೇಟರ್ ತೆರೆಯುವ ಮೊದಲ ಹಂತದ ಮಿಶ್ರಣವನ್ನು ನಿರ್ಧರಿಸುವುದು. ಸ್ಲೈಡಿನ ಮೇಲೆ 3 ಎಂದಿದ್ದರೆ ಆ ಎತ್ತರ ಇಂಚಿನ ಹದಿನಾರನೆಯ ಮೂರು ಭಾಗ, ಅಂದರೆ 4.76 ಮಿ.ಮೀ. ಅಂಗಿ ತೊಡಿಸಿದ ಮೇಲೂ ಅಷ್ಟೇ ಬರಬೇಕು. ಅಂಚುಗಳ ಮುಳ್ಳನ್ನು ತೆಗೆದು ಬೆರಳಿನಿಂದ ಸವರಿ ನೋಡಿ. ಸ್ಲೈಡಿನ ಮೈಗೆ ಮಾತ್ರ ಎಮ್ರಿ ಪೇಪರ್ ತಾಗಿಸಬೇಡಿ, ಎಮ್ರಿಯ ಕಣ ಮೆದು ಲೋಹದೊಳಗೆ ಹುದುಗಿ ಕುಳಿತು ಕಾರ್ಬ್ಯುರೇಟರಿನ ಮೈಯನ್ನು ಅರೆಯುತ್ತಲೇ ಇರುತ್ತದೆ.

ಬಿಚ್ಚಿದ್ದೇ ಆಗಿದೆ, ಜೆಟ್ಟುಗಳನ್ನೂ ನೋಡಿ

ನೀಡಲ್ ಇಳಿಯುವ ನೀಡಲ್ ಜೆಟ್ಟಿನ ಮೇಲೆ 105, 106 ಎಂಬಂತಹ ಸಂಖ್ಯೆ ಇರುತ್ತದೆ. 106 ಎಂದರೆ ಅದರ ತೂತು ಇಂಚನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ 106 ಭಾಗ, ಸುಮಾರು 2.69 ಮಿ.ಮೀ. ನೀಡಲ್ ಅಲುಗಾಡಿ ಉಜ್ಜಿ ಈ ತೂತು ಇಂಚಿನ ಸಾವಿರದಲ್ಲೊಂದು ಭಾಗದಷ್ಟು ಹಿಗ್ಗಿದರೂ ನಿಮ್ಮ 106 ನಿಮಗರಿವಿಲ್ಲದೆ 107 ಆಗಿರುತ್ತದೆ. ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಪ್ಲಗ್ ಕಪ್ಪಾಗುತ್ತದೆ. ಸವೆದ ಸ್ಲೈಡಿನಿಂದ ಕೆಳಗೆ ತೆಳು, ಸವೆದ ಜೆಟ್ಟಿನಿಂದ ನಡುವೆ ದಪ್ಪ, ಎರಡೂ ಒಟ್ಟಿಗಿದ್ದರೆ ಯಾವ ಸ್ಕ್ರೂವಿಗೂ ಅರ್ಥವಾಗದ ರೋಗ. ಜೆಟ್ ಅಗ್ಗ. ಭೂತಗನ್ನಡಿಯಲ್ಲಿ ತೂತು ದುಂಡಗೆ ಕಾಣದಿದ್ದರೆ ನೀಡಲ್ ಸಮೇತ ಹೊಸದು ಹಾಕಿ.

ಎಂಜಿನ್ ನಿಂತಲ್ಲೇ ಓಡುವಾಗ ಪೆಟ್ರೋಲ್ ಬರುವ ಪೈಲಟ್ ದಾರಿ ಇನ್ನೊಂದು ತಲೆನೋವು. ಹಲವು ಕಾನ್ಸೆಂಟ್ರಿಕ್‌ಗಳಲ್ಲಿ ಬಿಚ್ಚಬಹುದಾದ ಪೈಲಟ್ ಜೆಟ್ ಇಲ್ಲ. ಪೈಲಟ್ ಸ್ಕ್ರೂ ಇರುವ ದಾರಿಯ ಆಳದಲ್ಲಿ 0.016 ಇಂಚಿನ, ಅಂದರೆ 0.4 ಮಿ.ಮೀ. ತೂತಿನ ಪುಟ್ಟ ಬುಷ್ ಒತ್ತಿ ಕೂರಿಸಿರುತ್ತಾರೆ. ಗಸಿ ಕಟ್ಟುವುದು ಅಲ್ಲೇ. ಗಾಳಿ ಊದಿದರೆ ಹೋಗುವುದಿಲ್ಲ. ಗಿಟಾರಿನ 16 ನಂಬರಿನ ಬರಿ ಉಕ್ಕಿನ ತಂತಿ ಸರಿಯಾಗಿ ಅಷ್ಟೇ ದಪ್ಪ ಇರುತ್ತದೆ. ಸ್ಕ್ರೂ ತೆಗೆದು, ತಂತಿಯ ತುದಿಯನ್ನು ನೇರ ಮಾಡಿ, ಆ ದಾರಿಯಲ್ಲಿ ಮೆಲ್ಲಗೆ ತೂರಿಸಿ ತಿರುಗಿಸಿ. ತಡೆ ಸಿಕ್ಕು ಆಮೇಲೆ ಜಾರಿದ ಅನುಭವ ಬೆರಳಿಗೇ ಆಗುತ್ತದೆ. ಜೋರು ಮಾಡಿ ತೂತು ಹಿಗ್ಗಿಸಬೇಡಿ.

ಜೋಡಣೆ ಮತ್ತು ಒಂದು ಕಡ್ಡಾಯ ಪರೀಕ್ಷೆ

ಎಲ್ಲವನ್ನೂ ಪೆಟ್ರೋಲಿನಲ್ಲಿ ತೊಳೆದು ಗಾಳಿ ಊದಿ. ಲೇತಿನ ಒಂದು ಚೂರು ಲೋಹದ ಪುಡಿ ಒಳಗೆ ಉಳಿದರೂ ಹೊಸ ಸ್ಲೈಡಿಗೆ ಗೀರು ಬೀಳುತ್ತದೆ. ಒಣ ಸ್ಲೈಡನ್ನು ಮೈಯೊಳಗೆ ಬಿಟ್ಟರೆ ತನ್ನ ಭಾರಕ್ಕೇ ತಟ್ಟನೆ ಇಳಿಯಬೇಕು. ಮುಚ್ಚಳದ ಸ್ಕ್ರೂಗಳನ್ನು ಸರದಿಯಂತೆ ಹಗುರವಾಗಿ ಬಿಗಿಯಿರಿ. ಬಿಗಿದ ಮೇಲೆ ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಬಿಡಿ: ಸ್ಲೈಡ್ ತಳ ಮುಟ್ಟುವ ಟಕ್ ಎಂಬ ಸದ್ದು ಕೇಳಬೇಕು. ಹ್ಯಾಂಡಲನ್ನು ಎಡಕ್ಕೆ ಪೂರ್ತಿ ತಿರುಗಿಸಿ ಒಮ್ಮೆ, ಬಲಕ್ಕೆ ತಿರುಗಿಸಿ ಒಮ್ಮೆ. ಕೇಬಲ್ಲಿನಲ್ಲಿ ಒಂದೆರಡು ಮಿ.ಮೀ. ಸಡಿಲ ಉಳಿದಿರಲಿ. ಎಂಜಿನ್ ಓಡಿಸಿ ಬಿಸಿಯಾದ ಮೇಲೆ, ಆರಿಸಿ, ಇದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಒಂದು ಸಲವಾದರೂ ಸ್ಲೈಡ್ ತಡವರಿಸಿದರೆ ಗಾಡಿಯನ್ನು ಗೇಟಿನಾಚೆ ಒಯ್ಯಬೇಡಿ. ಈ ಒಂದು ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ.

ಹದ ಮಾಡುವುದು

ಪಕ್ಕದಲ್ಲಿರುವ ಎರಡು ಸ್ಕ್ರೂಗಳಲ್ಲಿ ಓರೆಯಾಗಿರುವುದು ಸ್ಲೈಡನ್ನು ಎತ್ತಿ ಹಿಡಿಯುವ ಐಡಲ್ ಸ್ಕ್ರೂ, ಮಟ್ಟಸವಾಗಿರುವುದು ಪೈಲಟ್ ಗಾಳಿಯ ಸ್ಕ್ರೂ. ಪೈಲಟ್ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ ಒಂದೂವರೆ ಸುತ್ತು ಹೊರಗೆ ತನ್ನಿ. ಇದು ಗಾಳಿಯನ್ನು ನಿಯಂತ್ರಿಸುವುದರಿಂದ ಒಳಗೆ ತಿರುಗಿಸಿದರೆ ಮಿಶ್ರಣ ದಪ್ಪ, ಹೊರಗೆ ತಿರುಗಿಸಿದರೆ ತೆಳು. ಹತ್ತು ನಿಮಿಷ ಓಡಿಸಿ ಎಂಜಿನ್ ಬಿಸಿ ಮಾಡಿ. ಐಡಲ್ ಸ್ಕ್ರೂವಿನಿಂದ ಓಟವನ್ನು ತುಸು ಏರಿಸಿ, ಪೈಲಟ್ ಸ್ಕ್ರೂವನ್ನು ಕಾಲು ಕಾಲು ಸುತ್ತು ಅತ್ತಿತ್ತ ತಿರುಗಿಸುತ್ತ, ಎಂಜಿನ್ ಅತಿ ಹೆಚ್ಚು ವೇಗದಲ್ಲಿ ಸಮವಾಗಿ ಓಡುವ ಜಾಗ ಹುಡುಕಿ. ಈಗ ಐಡಲ್ ಸ್ಕ್ರೂ ಇಳಿಸಿ. ಎರಡು ಮೂರು ಸಲ ಹೀಗೆ ಮಾಡಿದರೆ ಹದ ಸಿಗುತ್ತದೆ.

ಸ್ಲೈಡ್ ಸವೆದಿದ್ದಾಗ ನನ್ನ ಪೈಲಟ್ ಸ್ಕ್ರೂವನ್ನು ಪೂರ್ತಿ ಒಳಗೆ ತಿರುಗಿಸಿದರೂ ಎಂಜಿನ್ನಿಗೆ ಕೇಳಿಸುತ್ತಿರಲಿಲ್ಲ. ಈಗ ಕಾಲು ಸುತ್ತಿಗೇ ದನಿ ಬದಲಾಗುತ್ತದೆ. ರಿಪೇರಿ ಫಲ ಕೊಟ್ಟಿದೆಯೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪುರಾವೆ ಬೇಡ.

ಗಾಳಿ ಫಿಲ್ಟರ್ ಇಲ್ಲದೆ, ಬರಿ ಬಾಯಿಯ ಕಾರ್ಬ್ಯುರೇಟರ್ ಚೆಂದ ಎಂದು ಓಡಿಸುವವರಾಗಿದ್ದರೆ ಮೇಲಿನ ಎಲ್ಲ ಶ್ರಮವನ್ನೂ ಮತ್ತೆ ಮಾಡಲು ಸಿದ್ಧರಾಗಿ. ಫಿಲ್ಟರ್ ಇಟ್ಟವರು 500 ಕಿ.ಮೀ. ಆದ ಮೇಲೆ ಮೇಲಿನ ಎರಡು ಸ್ಕ್ರೂ ಬಿಚ್ಚಿ ಸ್ಲೈಡನ್ನು ಬೆಳಕಿಗೆ ಹಿಡಿದು ನೋಡಿ. ಹಿತ್ತಾಳೆಯ ಮೇಲೆ ಎಂಜಿನ್ ಕಡೆಗೆ ಅಗಲವಾದ, ಮಂದವಾದ ಹೊಳಪು ಬಂದಿದ್ದರೆ ಸರಿಯಾಗಿ ಕೂತಿದೆ. ಒಂದೇ ಕಡೆ ಕಿರಿದಾದ ಹೊಳೆಯುವ ಗೆರೆ ಕಂಡರೆ ಅಲ್ಲಿ ಉಬ್ಬು ಉಳಿದಿದೆ. ಅಷ್ಟು ಜಾಗಕ್ಕೆ ಮಾತ್ರ ಗುರುತಿಗಾಗಿ ನೀಲಿ ಬಣ್ಣ ಸವರಿ, ಮತ್ತೆ ಮೇಸ್ತ್ರಿಯ ಬಳಿಗೆ ಒಯ್ಯಿರಿ, ಭಾನುವಾರ ಬೆಳಿಗ್ಗೆ.